ಗಡ್ಡಿಯ ಅತಿಥಿಗಳು

ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಜನ ಸಮುದ್ರ ಕಂಡಿದ್ದರೆ ಅದು ಹೆಚ್ಚಾಗಿ ಗುಳೆ ಹೋದಾಗ. ಮಂಗಳೂರಿಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋದವರು ರಜೆಯ ಸಂಜೆ ಕಡಲ ದಂಡೆಯಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡು ಬಂದಿರುತ್ತಾರೆ, ಅಷ್ಟೆ. ಫ್ರಾನ್ಸಿನ ಕಾನ್, ನೀಸ್‌ನಂತಹ ಮೆಡಿಟರೇನಿಯನ್ ತೀರದ ಮೋಜಿನ ನಗರಗಳು ನಮಗೆ ಟಿ.ವಿ.ಯಲ್ಲಿ ನೋಡುವ ಸಂಗತಿ. ಆದರೆ ಪ್ರಿಯ ಓದುಗರೇ, ಅಂತಹ ಒಂದು ಊರು ಕಡಲೇ ಇಲ್ಲದ ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇತ್ತು. ಅದು ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿ.

ತುಂಗಭದ್ರೆಯ ಆಚೆ ದಂಡೆಗೆ ಹಂಪಿ, ಈಚೆಗೆ ಗಡ್ಡಿ. ಹಂಪಿ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕ್ರಮೇಣ ಅಲ್ಲಿಗೆ ಬಂದ ವಿದೇಶಿಯರು ಹೊಳೆ ದಾಟಿ ಈಚೆಗೆ ಬಿಡಾರ ಹೂಡಿದರು. ಭತ್ತದ ಗದ್ದೆಗಳ ನಡುವೆ ಗುಡಿಸಲಿನಂತಹ ಕೋಣೆಗಳು, ನೆಲದ ಮೇಲೆ ಹಾಸಿಗೆ ಹಾಸಿದ ಹೋಟೆಲುಗಳು, ತೂಗುವ ಜೋಲಿಗಳು. ಗೋವಾ ಮುಗಿಸಿಕೊಂಡು ಬಂದವರು ಚಳಿಗಾಲದಲ್ಲಿ ವಾರಗಟ್ಟಲೆ ಇರುತ್ತಿದ್ದರು. ಇಸ್ರೇಲಿನ ಯುವಕ ಯುವತಿಯರೂ ಬಹಳ. ನಮ್ಮ ಗಂಗಾವತಿಯ ಮಸೀದಿ ಕಟ್ಟೆಯ ಮೇಲೆ ಗಡ್ಡಿಯ ಮಾತು ಬಂದರೆ ಹಿರಿಯರು "ತೌಬಾ" ಎಂದು ಕಿವಿ ಮುಟ್ಟಿಕೊಳ್ಳುತ್ತಿದ್ದರು. ಹುಡುಗರು ಮಾತ್ರ ರಜೆ ಬಂತೆಂದರೆ ಬೈಕ್ ಹತ್ತಿ ಅತ್ತ ಕಡೆಯೇ!

2020ಕ್ಕೆ ಕೆಲವು ವರ್ಷ ಮುಂಚೆ ನಾನು ಹತ್ತನೆಯ ತರಗತಿಯ ಮಕ್ಕಳನ್ನು ಆನೆಗುಂದಿ, ಹಂಪಿ ತೋರಿಸಲು ಕರೆದೊಯ್ದಿದ್ದೆ. ಹೊಳೆ ದಾಟಲು ಗಡ್ಡಿಯ ದಡಕ್ಕೆ ಬಂದೆವು. ಬಂಡೆಯ ಮೇಲೆ ಕೆಲವು ವಿದೇಶಿ ಹೆಣ್ಣುಮಕ್ಕಳು ಬಿಸಿಲು ಕಾಯುತ್ತಿದ್ದರು. ನಮ್ಮ ಹುಡುಗರ ಕಣ್ಣು ಅಲ್ಲೇ ನಟ್ಟವು. ಹರಿಗೋಲಿನ ಮುದುಕ ಹುಟ್ಟು ನಿಲ್ಲಿಸಿ, "ಏನ್ ನೋಡಾಕ ಬಂದೀರಪಾ, ಹಂಪೀನೋ, ಅವರನೋ? ಅವರು ನಮ್ಮೂರಿಗೆ ಬಂದ ಬೀಗರು, ಈ ಕಡೆ ತಿರುಗ್ರಿ" ಎಂದ. ಹುಡುಗರು ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಕುಳಿತರು.

ನನಗೆ ತಟ್ಟನೆ ನೆನಪಾದದ್ದು ಮದರಸದಲ್ಲಿ ಓದಿದ ಒಂದು ಹದೀಸ್. ಹಜ್ಜ್‌ನ ಸಂದರ್ಭದಲ್ಲಿ ಖಸ್‌ಅಮ್ ಗೋತ್ರದ ಸುಂದರಿಯೊಬ್ಬಳು ಪ್ರವಾದಿ(ಸ)ಯವರ ಬಳಿ ಪ್ರಶ್ನೆ ಕೇಳಲು ಬಂದಳು. ಅವರ ಹಿಂದೆ ಸವಾರಿಯ ಮೇಲಿದ್ದ ಫಝ್ಲ್ ಬಿನ್ ಅಬ್ಬಾಸ್ ಆಕೆಯನ್ನೇ ನೋಡತೊಡಗಿದರು. ಪ್ರವಾದಿ(ಸ)ಯವರು ಫಝ್ಲ್‌ರ ಮುಖವನ್ನು ಕೈಯಿಂದ ಬೇರೆ ಕಡೆಗೆ ತಿರುಗಿಸಿದರು. ಆಕೆಯನ್ನು ಗದರಲಿಲ್ಲ, ಕಳಿಸಲಿಲ್ಲ, ಅವಳ ಪ್ರಶ್ನೆಗೆ ಉತ್ತರ ಕೊಟ್ಟರು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿಯೂ ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೆ, 30ನೆಯ ಸೂಕ್ತದಲ್ಲಿ. ಮಹಿಳೆಯರ ಮಾತು ಅದರ ನಂತರದ್ದು. ನಮ್ಮ ಪ್ರವಚನಗಳಲ್ಲಿ ಈ ಕ್ರಮ ಅದೇಕೋ ತಲೆಕೆಳಗಾಗಿದೆ.

ಗಡ್ಡಿಯ ಕಥೆ ಮುಂದೆ ಬೇರೆಯೇ ಆಯಿತು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದರ ಕುರಿತ ವ್ಯಾಜ್ಯ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಆ ತಿಂಗಳ ಕೊನೆಗೆ ಲಾಕ್‌ಡೌನ್. ಕಾನೂನು ಕಾನೂನೇ, ಅದನ್ನು ಪ್ರಶ್ನಿಸಲಾರೆ. ಆದರೆ ಅಲ್ಲಿ ಚಾದರ ಒಗೆದು, ಪಾತ್ರೆ ತಿಕ್ಕಿ ಮಕ್ಕಳ ಫೀ ಕಟ್ಟುತ್ತಿದ್ದ ತಾಯಂದಿರನ್ನು ನಾನು ಬಲ್ಲೆ. "ಪಾಪದ ಊರು ಹೋತು" ಎಂದು ಸಿಹಿ ಹಂಚಿಕೊಂಡವರಿಗೆ ಅವರು ಕಾಣಲಿಲ್ಲ.

ಪ್ರವಾಸಿಗರು ಆನೆಗುಂದಿ, ಸಾಣಾಪುರದ ಹೋಂಸ್ಟೇಗಳ ಕಡೆ ಹೊರಳಿದರು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತಾ ಕುಳಿತಿದ್ದ ಅತಿಥಿಗಳ ಮೇಲೆ ದಾಳಿಯಾಯಿತು. ಇಸ್ರೇಲಿನ ಯುವತಿ ಮತ್ತು ಅತಿಥಿಗಳಿಗೆ ಆಸರೆ ಕೊಟ್ಟಿದ್ದ ಹೋಂಸ್ಟೇಯ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಡಿಶಾದ ಯುವಕನೊಬ್ಬ ಶವವಾಗಿ ಸಿಕ್ಕ. ಈ ಪ್ರಕರಣದಲ್ಲಿ ಬಂಧಿತರಾದವರು ಎಲ್ಲಿಂದಲೋ ಬಂದವರಲ್ಲ, ನಮ್ಮ ಗಂಗಾವತಿಯವರು.

ಮರುದಿನಗಳಲ್ಲಿ ನಾನು ಚಹಾದಂಗಡಿಯಲ್ಲಿ ಕೇಳಿದ ಮೊದಲ ಮಾತು, "ಅಷ್ಟೊತ್ತಿನಾಗ ಅವರಿಗೇನ್ ಕೆಲಸ?" ಎಂಬುದು. ಹೇಳಿದವರಲ್ಲಿ ಐದು ಹೊತ್ತು ನಮಾಝ್ ಮಾಡುವವರೂ ಇದ್ದರು.

ಈ ಮಾತಿನ ಇನ್ನೊಂದು ಮಗ್ಗುಲನ್ನು ನಾವು ಕಾನ್, ನೀಸ್‌ಗಳಲ್ಲೇ ನೋಡಬಹುದು. 2016ರಲ್ಲಿ ಆ ನಗರಗಳು ಮೈ ಮುಚ್ಚುವ ಈಜುಡುಗೆಯನ್ನು ಕಡಲ ದಂಡೆಯಲ್ಲಿ ನಿಷೇಧಿಸಿದವು. ನೀಸ್‌ನಲ್ಲಿ ಪೊಲೀಸರು ಸುತ್ತ ನಿಂತಿರಲು ಮಹಿಳೆಯೊಬ್ಬಳು ಮೇಲಂಗಿ ತೆಗೆಯುತ್ತಿದ್ದ ಚಿತ್ರ ಕಂಡು ನಮ್ಮ ಮನೆಗಳಲ್ಲಿ ಎಷ್ಟು ನೋವಾಯಿತು! ಆಗಸ್ಟ್ 26ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಪಕ್ಕದ ವಿಲ್‌ನವ್ ಲೂಬೆ ಊರಿನ ಇಂಥದೇ ನಿಷೇಧಕ್ಕೆ ತಡೆ ಕೊಟ್ಟಾಗ ನಾವು ಸಂತೋಷಪಟ್ಟೆವು. ದಂಡೆಗೆ ಬಂದ ಹೆಣ್ಣಿನ ಬಟ್ಟೆಯನ್ನು ಅಳೆಯುವ ಹಕ್ಕು ಅಲ್ಲಿಯವರಿಗೆ ಇಲ್ಲವೆಂದ ನಾವು, ಸಾಣಾಪುರಕ್ಕೆ ಬಂದಾಗ ಅದೇ ಹಕ್ಕನ್ನು ಕೈಗೆತ್ತಿಕೊಳ್ಳಬಹುದೇ?

ಇದೇ ನೆಲಕ್ಕೆ 1443ರಲ್ಲಿ ಹೆರಾತ್‌ನಿಂದ ಅಬ್ದುರ್ರಝಾಕ್ ಎಂಬ ರಾಯಭಾರಿ ಬಂದಿದ್ದರು. ವೇಷ, ಭಾಷೆ, ಧರ್ಮ ಎಲ್ಲವೂ ಬೇರೆ. ಇಮ್ಮಡಿ ದೇವರಾಯ ಅವರಿಗೆ ಉಳಿಯಲು ಮನೆ ಕೊಟ್ಟು, ದಿನದಿನವೂ ಅಕ್ಕಿ, ಕುರಿ, ಕೋಳಿ ಕಳಿಸಿದ. ಅತಿಥಿಯನ್ನು ಆದರಿಸುವುದು ಅಲ್ಲಾಹನ ಮೇಲೂ ಅಂತ್ಯದಿನದ ಮೇಲೂ ವಿಶ್ವಾಸವಿಟ್ಟವರ ಲಕ್ಷಣವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಅದರಲ್ಲಿ ಅತಿಥಿಯ ಬಟ್ಟೆಯ ಷರತ್ತಿಲ್ಲ.

ಸಾಣಾಪುರದ ಘಟನೆಯ ನಂತರ ತರಗತಿಯಲ್ಲಿ ಫಝ್ಲ್‌ರ ಹದೀಸನ್ನು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಇದನ್ನ ಜುಮಾದಾಗ ದೊಡ್ಡವರಿಗೂ ಹೇಳ್ರಿ" ಎಂದ. ಹೇಳಿದ್ದೇನೆ. ಇಬ್ಬರು ಹಿರಿಯರು ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾರೆ.