ನಾಲ್ಕು ದನಿಯ ಹಾಡು

ಬೆಂಕಿಯ ಹತ್ತಿರ ಸರಿದು ಕೂಡ್ರಿ, ಹಡ್ಸನ್ ಚರ್ಚಿನಲ್ಲಿ ಹಾಡಿದ ಕಥೆ ಹೇಳುತ್ತೇನೆ.

ಅಂಜನಾದ್ರಿಯ ಬುಡದ ಈ ಹನುಮನಹಳ್ಳಿಯಲ್ಲಿ ಭಜನೆ ಯಾರಿಗೆ ಗೊತ್ತಿಲ್ಲ? ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಹಿಡಿಯುತ್ತಾರೆ. ಎಷ್ಟು ಜನ ಕುಂತರೂ ಧಾಟಿ ಒಂದೇ. ಆ ಕಿವಿ ಹೊತ್ತುಕೊಂಡೇ ನಾನು ಓದಲು ಬೆಂಗಳೂರಿಗೆ ಹೋದದ್ದು. ಹಾಸ್ಟೆಲಿನ ಗೆಳೆಯ ಬೆಟಗೇರಿಯವನು, ಬಾಸೆಲ್ ಮಿಷನ್ ಕಾಲದ ಕ್ರೈಸ್ತ ಮನೆತನ. ಡಿಸೆಂಬರಿನಲ್ಲಿ, "ಕ್ರಿಸ್ಮಸ್ ಹಾಡಿಗೆ ತಗ್ಗಿನ ದನಿ ಕಡಿಮಿ ಬಿದ್ದಾವ, ಬಾ" ಎಂದು ಎಳೆದುಕೊಂಡು ಹೋದ.

ಕಾರ್ಪೊರೇಷನ್ ಹತ್ತಿರದ ಆ ಕಲ್ಲುಕಟ್ಟಡ 1904ರದು. ಕನ್ನಡ ಶಾಲೆಗಳಿಗಾಗಿ ದುಡಿದ ಮಿಷನರಿ ಜೋಸಾಯ ಹಡ್ಸನ್ನರ ನೆನಪಿಗೆ ಕಟ್ಟಿದ್ದು. ಅಲ್ಲಿ ದೇವರನ್ನು ಕರೆಯುವುದೂ ಕನ್ನಡದಲ್ಲೇ. ನಿಘಂಟಿನ ಕಿಟೆಲ್ಲರು 1862ರಷ್ಟು ಹಿಂದೆಯೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದಿದ್ದರಲ್ಲ, ಆ ದಾರಿ ಹಳೆಯದು. ನಮ್ಮ ಹಾಡು ಮಾತ್ರ ಹೊಚ್ಚಹೊಸದು, ಆ ವರ್ಷವೇ ಕಟ್ಟಿದ್ದು.

ಕೈಗೆ ಕೊಟ್ಟ ಹಾಳೆಯಲ್ಲಿ ಡೋ, ರೇ, ಮಿಗಳ ಮೊದಲಕ್ಷರಗಳಷ್ಟೇ. ಇಂಗ್ಲೆಂಡಿನ ಪಾದ್ರಿ ಜಾನ್ ಕರ್ವೆನ್ 19ನೇ ಶತಮಾನದಲ್ಲಿ ಬೆಳೆಸಿದ ಸೋಲ್ಫಾ ಪದ್ಧತಿ. ಡೋ ಎಲ್ಲಿಟ್ಟರೂ ಉಳಿದ ಸ್ವರಗಳು ಅದಕ್ಕೆ ಹೊಂದಿ ನಿಲ್ಲುತ್ತವೆ, ನಮ್ಮ ಷಡ್ಜದಂತೆಯೇ. ಅದು ಸಲೀಸಾಯಿತು. ಕಷ್ಟವಿದ್ದದ್ದು ಬೇರೆ ಕಡೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂದು ನಾಲ್ಕು ಗುಂಪು. ಪದ ಒಂದೇ, ನಡೆ ನಾಲ್ಕು. ಪಕ್ಕದವನು ಮೇಲಕ್ಕೆ ಏರುವಾಗ ನಾನು ಕೆಳಗೆ ಇಳಿಯಬೇಕು. ಕೂಡಿ ಹಾಡುವುದೆಂದರೆ ಪಕ್ಕದವನ ದನಿಯಲ್ಲಿ ಕರಗುವುದು ಎಂದು ಕಲಿತ ಕಿವಿಗೆ ಇದೆಂಥ ಕಸರತ್ತು! ವಾರಗಟ್ಟಲೆ ಬೇಸಿನವರಷ್ಟೇ ಕೂಡಿ ನಮ್ಮ ಸಾಲನ್ನು ಉಜ್ಜಿದೆವು. ಬರೀ ಅದನ್ನು ಕೇಳಿದರೆ ಹಾಡೇ ಅಲ್ಲ, ನಾಲ್ಕೈದು ಸ್ವರಗಳ ಅಲೆದಾಟ.

ಕ್ರಿಸ್ಮಸ್ ಹಿಂದಿನ ರಾತ್ರಿ ನಾಲ್ಕೂ ಒಟ್ಟಿಗೆ ಎದ್ದವು. ನನ್ನ ತಗ್ಗಿನ ಸ್ವರದ ಮೇಲೆ ಹೆಣ್ಣುಮಕ್ಕಳ ದನಿ ಬಂದು ಕೂತಾಗ, ನಾನು ಹಾಡುತ್ತಿದ್ದದ್ದು ಏನೆಂದು ಆಗಲೇ ತಿಳಿದದ್ದು. ಮೈ ಝುಮ್ಮೆಂದಿತು. ಸಾಲು ಮುಗಿದ ಮೇಲೂ ಕಲ್ಲುಗೋಡೆ ದನಿಯನ್ನು ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತಿತ್ತು. ಅದು ಇಳಿಯುವ ತನಕ ಹಾಡಿಸುವ ಮಾಸ್ತರರು ಕೈ ಇಳಿಸುತ್ತಿರಲಿಲ್ಲ.

ಊರಿಗೆ ಬಂದಾಗ ಭಜನೆಯ ಹಿರಿಯರೊಬ್ಬರು ಅದನ್ನು ಹಾಡಿ ತೋರಿಸು ಎಂದರು. ನನ್ನ ಸಾಲು ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಇದರ ಉಳಿದ ಮಂದಿ ಎಲ್ಲಿ ಅದಾರ?" ಎಂದರು. ಹಾರ್ಮೋನಿಯಂ ಪೆಟ್ಟಿಗೆ ಎಳೆದುಕೊಂಡು ಮೇಲಿನ ಸಾಲಿನ ಸ್ವರ ಕೇಳಿ ಕೇಳಿ ಹಿಡಿದರು, ಇಬ್ಬರೂ ಹಾಡಿದೆವು.