ನೊರೆ ತೆಗೆಯುವ ಕೆಲಸ

ಸಮುದ್ರದ ಮೀನು ಸಾಕೋದು ಅಂದ್ರೆ ನಿಜವಾಗಿ ನೀರು ಸಾಕೋದು. ಈ ಮಾತನ್ನು ಅಕ್ವೇರಿಯಂ ಅಂಗಡಿಯವರು ಮೊದಲೇ ಹೇಳೋದಿಲ್ಲ. ಗೋಲ್ಡ್‌ಫಿಶ್ ಇಟ್ಟವರಿಗೆ ಒಂದು ಸ್ಪಂಜಿನ ಫಿಲ್ಟರ್ ಇದ್ರೆ ಹೇಗೋ ನಡೆಯುತ್ತೆ. ಉಪ್ಪುನೀರಿನ ತೊಟ್ಟಿಗೆ ಪ್ರೋಟೀನ್ ಸ್ಕಿಮ್ಮರ್ ಅನ್ನೋ ಇನ್ನೊಂದು ಯಂತ್ರ ಬೇಕು ಅಂತಾರೆ. ಒಳ್ಳೆ ಕಂಪನಿಯದರ ಬೆಲೆ ಕೇಳಿದರೆ ಮೀನಿನ ಆಸೆಯೇ ಅರ್ಧ ಇಳಿದುಹೋಗುತ್ತೆ.

ನನ್ನದು ಮೂರಡಿ ಉದ್ದದ, ಸುಮಾರು 130 ಲೀಟರಿನ ತೊಟ್ಟಿ. ಬೆಂಗಳೂರಿನ ಬಾಡಿಗೆ ಮನೆಯ ಹಾಲ್‌ನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿದೆ. ಅದರಲ್ಲಿ ಎರಡೇ ಕ್ಲೌನ್ ಮೀನು. ಸಮುದ್ರದಿಂದ ಹಿಡಿದು ತಂದವಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ಹವಳ ಇಟ್ಟಿಲ್ಲ. ನಮ್ಮ ಸಮುದ್ರದ ಹವಳವನ್ನು ಕಿತ್ತು ತರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ತೊಟ್ಟಿಗೆ ಒಂದು ಹಳೇ ಸ್ಕಿಮ್ಮರ್ ಸೆಕೆಂಡ್ ಹ್ಯಾಂಡಿನಲ್ಲಿ 1,800 ರೂಪಾಯಿಗೆ ಸಿಕ್ಕಿತ್ತು. ತಿರುಗುತ್ತಿತ್ತು, ಸದ್ದು ಮಾಡುತ್ತಿತ್ತು, ನೊರೆ ಮಾತ್ರ ಬರುತ್ತಿರಲಿಲ್ಲ. ನೀರಿನ ನೈಟ್ರೇಟ್ 40 ಪಿಪಿಎಂ ಮುಟ್ಟಿತ್ತು. ಹೊಸದು ಕೊಳ್ಳೋ ಹಾಗಿರಲಿಲ್ಲ, ಏಕೆಂದರೆ ಆ ವರ್ಷ ಮನೆಯ ದುಡ್ಡೆಲ್ಲ ಊರಿನ ಹೊಲಕ್ಕೆ ಹೋಗುತ್ತಿತ್ತು. ನಾನೂ ಹೆಂಡತಿಯೂ ಕೂತು ಲೆಕ್ಕ ಹಾಕಿದೆವು. ರಿಪೇರಿಗೆ 1,000 ರೂಪಾಯಿ, ಎರಡು ತಿಂಗಳು ಟೈಮು. ಅಷ್ಟರಲ್ಲಿ ನೀರು ಸುಧಾರಿಸದಿದ್ದರೆ ಮೀನುಗಳನ್ನು ದೊಡ್ಡ ತೊಟ್ಟಿ ಇರೋ ಗೆಳೆಯನಿಗೆ ಕೊಟ್ಟುಬಿಡೋದು. ಮಗಳಿಗೆ ಈ ಒಪ್ಪಂದ ಹೇಳಿರಲಿಲ್ಲ. ಅವಳು ಆಗಲೇ ಎರಡಕ್ಕೂ ಹೆಸರಿಟ್ಟಿದ್ದಳು.

ಹೊಲದ ವಿಷಯ ಹೇಳಬೇಕು. ನಮ್ಮೂರು ತುಬಚಿ, ಜಮಖಂಡಿ ತಾಲೂಕು. ತುಬಚಿ-ಬಬಲೇಶ್ವರ ಏತ ನೀರಾವರಿ ಅಂತ ಪೇಪರಿನಲ್ಲಿ ಓದಿರ್ತೀರಿ, ಅದೇ ತುಬಚಿ. ಕೃಷ್ಣಾ ಸೀಮೆ, ಕಪ್ಪು ಮಣ್ಣು, ಎತ್ತ ನೋಡಿದರೂ ಕಬ್ಬು. ಇಂಥ ಮಣ್ಣಿಗೆ ವರ್ಷಗಟ್ಟಲೆ ನೀರು ಕಟ್ಟುತ್ತಾ ಹೋದರೆ ಒಳಗಿನ ನೀರಿನ ಮಟ್ಟ ಮೇಲೇರುತ್ತೆ. ಬಿಸಿಲಿಗೆ ನೀರು ಆರಿಹೋಗುತ್ತೆ, ಅದರೊಳಗಿನ ಉಪ್ಪು ಮೇಲೇ ಉಳಿಯುತ್ತೆ. ಬೆಳಿಗ್ಗೆ ನೋಡಿದರೆ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ. ಇದಕ್ಕೆ ಸವಳು-ಜವಳು ಅಂತಾರೆ. ನಮ್ಮ ಎರಡು ಎಕರೆ ಹಾಗೆ ಆಗಿತ್ತು. ಅಪ್ಪ ಅಲ್ಲಿ ನೆಲದೊಳಗೆ ತೂತಿನ ಪೈಪು ಹಾಕಿಸುತ್ತಿದ್ದರು, ಉಪ್ಪುನೀರು ಬಸಿದು ಹೋಗಲಿ ಅಂತ.

ಅದೇ ಹೊತ್ತಿಗೆ ನಾನಿಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ತೂಗಿ ನೀರಿಗೆ ಬೆರೆಸುತ್ತಿದ್ದೆ. ಫೋನಿನಲ್ಲಿ ಅಪ್ಪ ಕೇಳಿದರು: "ಅಲ್ಲೋ ತಮ್ಮಾ, ನಾವಿಲ್ಲಿ ಉಪ್ಪ ತಗ್ಯಾಕ ರೊಕ್ಕ ಸುರಿಯಾಕತ್ತೀವಿ, ನೀ ಅಲ್ಲಿ ಉಪ್ಪ ಹಾಕಾಕ ರೊಕ್ಕ ಕೊಡಾಕತ್ತೀಯೇನು?" ಬೈದಿದ್ದಲ್ಲ, ನಗುತ್ತಲೇ ಕೇಳಿದ್ದು. ಆದರೂ ಉತ್ತರ ಸಿಗಲಿಲ್ಲ.

ಸ್ಕಿಮ್ಮರ್ ಏನು ಮಾಡುತ್ತೆ ಅನ್ನೋದನ್ನ ಅಪ್ಪನಿಗೆ ಹೇಳೋದು ಮಾತ್ರ ಸುಲಭ ಆಯ್ತು. ಅವರು ಗಾಣ ನಡೆಸಿದವರು. ಮಂಡ್ಯದವರು ಆಲೆಮನೆ ಅನ್ನೋದನ್ನ ನಾವು ಗಾಣ ಅಂತೀವಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬಿಸಿಯಾಗುವಾಗ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕ್ತಾರೆ. ಹಾಲಿನೊಳಗಿನ ಹೊಲಸೆಲ್ಲ ಲೋಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತೆ. ಜೋರು ಕುದಿ ಬರೋ ಮುಂಚೆಯೇ ಅದನ್ನ ತೆಗೀಬೇಕು. ಕುದಿ ಬಂದರೆ ನೊರೆ ಒಡೆದು ಮತ್ತೆ ಒಳಗೇ ಸೇರಿಕೊಳ್ಳುತ್ತೆ, ಬೆಲ್ಲ ಕಪ್ಪಾಗುತ್ತೆ. ಆಮೇಲೆ ಬಣ್ಣಕ್ಕೆ ಹೈಡ್ರೋಸ್ ಪುಡಿ ಹಾಕೋದೊಂದೇ ದಾರಿ.

ತೊಟ್ಟಿಯಲ್ಲೂ ಇದೇ ಕಥೆ. ಮೀನು ತಿಂದು ಬಿಟ್ಟ ಆಹಾರ, ಅದರ ಮಲ, ಮೈಯ ಲೋಳೆ ಎಲ್ಲ ನೀರಲ್ಲಿ ಕರಗುತ್ತೆ. ಬಿಟ್ಟರೆ ಕೊಳೆತು ಅಮೋನಿಯಾ, ಅದರಿಂದ ನೈಟ್ರೈಟ್, ಕೊನೆಗೆ ನೈಟ್ರೇಟ್. ಈ ಕರಗಿದ ಪದಾರ್ಥದಲ್ಲಿ ಎಷ್ಟೋ ಅಣುಗಳಿಗೆ ಒಂದು ತುದಿ ನೀರನ್ನು ಇಷ್ಟಪಡುತ್ತೆ, ಇನ್ನೊಂದು ತುದಿ ನೀರಿಂದ ದೂರ ಓಡುತ್ತೆ. ಗಾಳಿಗುಳ್ಳೆ ಸಿಕ್ಕರೆ ಅದರ ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆ ಮೇಲೇರಿ ನೊರೆಯಾಗಿ, ಕೊಳವೆ ಹತ್ತಿ, ಮೇಲಿನ ಬಟ್ಟಲಿಗೆ ಬೀಳುತ್ತೆ. ಸ್ಕಿಮ್ಮರ್ ಅಂದ್ರೆ ಇಷ್ಟೇ. ಅದು ನೈಟ್ರೇಟನ್ನು ತೆಗೆಯೋದಿಲ್ಲ, ನೈಟ್ರೇಟ್ ಆಗಬಹುದಾದದ್ದನ್ನ ಮೊದಲೇ ತೆಗೆಯುತ್ತೆ. ಸಿಹಿನೀರಿನ ತೊಟ್ಟಿಯಲ್ಲಿ ಇದು ಅಷ್ಟಾಗಿ ನಡೆಯೋದಿಲ್ಲ, ಅಲ್ಲಿ ಸಣ್ಣ ಗುಳ್ಳೆಗಳು ಬೇಗ ಕೂಡಿ ದೊಡ್ಡವಾಗಿಬಿಡುತ್ತವೆ. ಉಪ್ಪು ಅವು ಕೂಡದಂತೆ ತಡೆಯುತ್ತೆ.

ಹಾಗಾದ್ರೆ ನನ್ನ ಹಳೇ ಯಂತ್ರಕ್ಕೆ ಬೇಕಾಗಿದ್ದು ಸಣ್ಣ ಗುಳ್ಳೆ. ಅಷ್ಟೇ ಗಾಳಿಯಲ್ಲಿ ಗುಳ್ಳೆಯ ಅಗಲ ಅರ್ಧ ಮಾಡಿದರೆ, ಕೊಳೆ ಅಂಟೋ ಒಟ್ಟು ಮೈ ಎರಡರಷ್ಟಾಗುತ್ತೆ. ಸಣ್ಣ ಗುಳ್ಳೆ ನಿಧಾನಕ್ಕೂ ಏರುತ್ತೆ, ಅಂಟಿಕೊಳ್ಳೋಕೆ ಹೆಚ್ಚು ಹೊತ್ತು ಸಿಗುತ್ತೆ.

ಮೊದಲು ಪಂಪಿನ ಒಳಗಿನ ಚಕ್ರ. ಅದರ ಕಡ್ಡಿಗಳು ಸವೆದು ಹೋಗಿದ್ದವು. ಪಾತ್ರೆ ತಿಕ್ಕೋ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ದುಂಡಗೆ ಎರಡು ಪದರ ಕತ್ತರಿಸಿ, ಚಕ್ರಕ್ಕೆ ನೈಲಾನ್ ದಾರದಿಂದ ಬಿಗಿದೆ. ಲೋಹದ ತಂತಿ ಬೇಡವೇ ಬೇಡ, ಉಪ್ಪುನೀರು ಅದನ್ನ ತಿನ್ನುತ್ತೆ. ಜಾಲರಿ ಎಲ್ಲ ಕಡೆ ಸಮ ಇರಬೇಕು, ಇಲ್ಲಾಂದ್ರೆ ಪಂಪು ನಡುಗುತ್ತೆ. ಪಂಪಿನ ಗೋಡೆಗೂ ಜಾಲರಿಗೂ ಎರಡು ಮೂರು ಮಿಲಿಮೀಟರ್ ಸಂದು ಬಿಡಬೇಕು. ಇನ್ನು ಪ್ಲಗ್ ಕಿತ್ತೇ ತೊಟ್ಟಿಗೆ ಕೈ ಹಾಕಬೇಕು ಅನ್ನೋದನ್ನ ಎಂಜಿನಿಯರುಗಳಿಗೂ ಹೇಳಬೇಕಾಗುತ್ತೆ.

ಎರಡನೇದು ಗಾಳಿಯ ದಾರಿ. ಪಂಪು ಗಾಳಿ ಎಳೆಯೋ ಬಾಯಲ್ಲಿ ಉಪ್ಪು ಕಟ್ಟಿ ಅರ್ಧ ಮುಚ್ಚಿತ್ತು. ಬಿಸಿನೀರು ಹಾಯಿಸಿದರೆ ಬಿಟ್ಟುಕೊಳ್ಳುತ್ತೆ. ಗಾಳಿ ಹೆಚ್ಚು ಕಡಿಮೆ ಮಾಡೋಕೆ ಆಸ್ಪತ್ರೆಯಲ್ಲಿ ಸಲೈನ್ ಹಚ್ಚೋ ನಳಿಗೆಯ ಸಣ್ಣ ಗಾಲಿ ಸಾಕು, ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ.

ಮೂರನೇದು ನೀರು ಹೊರಹೋಗೋ ಪೈಪು. ಅದಕ್ಕೆ ಒಂದು ಟೀ ಹಾಕಿ, ಮೇಲೆ ಕೆಳಗೆ ಜಾರೋ ಇನ್ನೊಂದು ಪಿವಿಸಿ ತುಂಡು ಕೂಡಿಸಿದೆ. ತುಂಡು ಎತ್ತಿದರೆ ಸ್ಕಿಮ್ಮರಿನೊಳಗೆ ನೀರಿನ ಮಟ್ಟ ಏರಿ ತೆಳು ನೊರೆ ಬೇಗ ಬರುತ್ತೆ. ಇಳಿಸಿದರೆ ನೊರೆ ಕೊಳವೆಯಲ್ಲಿ ಹೆಚ್ಚು ಹೊತ್ತು ನಿಂತು ನೀರು ಬಸಿದು, ಗಟ್ಟಿ ಕಪ್ಪು ಕೊಳೆಯಾಗಿ ಬೀಳುತ್ತೆ.

ಒಟ್ಟು ಖರ್ಚು: ಜಾಲರಿ 40, ದಾರ 30, ಸಲೈನ್ ನಳಿಗೆ 40, ಗಾಳಿ ಪೈಪು 60, ಪಿವಿಸಿ ಸಾಮಾನು 190. 360 ರೂಪಾಯಿ.

ಮೊದಲ ದಿನ ಒಳಗೆಲ್ಲ ಹಾಲು ಸುರಿದ ಹಾಗೆ ಬೆಳ್ಳಗಾಯ್ತು, ಬಟ್ಟಲಿಗೆ ಮಾತ್ರ ಏನೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಐದನೇ ದಿನ ತೆಳು ಚಹಾದ ಬಣ್ಣದ ನೀರು. ಹತ್ತನೇ ದಿನಕ್ಕೆ ಹಸಿರು-ಕಪ್ಪು ರಸ, ಹೆಂಡತಿ ಬಾಲ್ಕನಿ ಬಾಗಿಲು ತೆಗೆಯುವಷ್ಟು ವಾಸನೆ. ನನಗಂತೂ ಆ ನಾತ ಬಹಳ ಖುಷಿ ಕೊಟ್ಟಿತು. ವಾರಕ್ಕೊಮ್ಮೆ 13 ಲೀಟರ್ ನೀರು ಬದಲಿಸೋದು ಮೊದಲಿನಂತೆಯೇ ಇತ್ತು. ಏಳನೇ ವಾರಕ್ಕೆ ನೈಟ್ರೇಟ್ 15ಕ್ಕೆ ಇಳಿಯಿತು. ಮೀನು ಮನೆಯಲ್ಲೇ ಉಳಿದವು.

ಈಗ ಉಳಿದಿರೋದು ದಿನಚರಿ. ನೊರೆ ಹತ್ತೋ ಕೊಳವೆಯನ್ನು ಮೂರು ದಿನಕ್ಕೊಮ್ಮೆ ಒರೆಸಬೇಕು. ಜಿಡ್ಡು ಹಿಡಿದರೆ ನೊರೆ ಅರ್ಧಕ್ಕೇ ಕುಸಿಯುತ್ತೆ. ಎಣ್ಣೆ ಅಂಶದ ಆಹಾರ ಹಾಕಿದ ದಿನವೂ ಹಾಗೇ, ಕೆಲವು ಗಂಟೆ ಅದಾಗಿಯೇ ನಿಂತು ಮತ್ತೆ ಶುರುವಾಗುತ್ತೆ. ಅಮೋನಿಯಾ ಮಾಯ ಮಾಡುತ್ತೆ ಅಂತ ಅಂಗಡಿಯಲ್ಲಿ ಬಾಟಲಿ ಮಾರ್ತಾರೆ. ಅಪಾಯದ ಹೊತ್ತಿಗೆ ಅದಿರಲಿ. ದಿನಾ ಬೇಕಾಗಿರೋದು ಕೊಳೆಯನ್ನ ಹೊರಗೆ ಹಾಕೋ ದಾರಿ. ತೊಟ್ಟಿಯ ಹಳೇ ನೀರನ್ನ ನಾನು ಗಿಡಕ್ಕೆ ಹಾಕೋದಿಲ್ಲ, ಬಚ್ಚಲಿಗೆ ಸುರೀತೀನಿ. ಬಕೆಟ್ ಎತ್ತಿದಾಗಲೆಲ್ಲ ಆ ಎರಡು ಎಕರೆ ನೆನಪಾಗುತ್ತೆ.

ಬಟ್ಟಲಿನ ಫೋಟೋ ಅಪ್ಪನಿಗೆ ವಾಟ್ಸಾಪ್ ಮಾಡಿದ್ದೆ. ತಕ್ಷಣ ಫೋನ್ ಬಂತು. "ಚಲೋ ಹೊಲಸ ಬಂದೈತಲ್ಲೋ!" ಅಂದರು, ಗಾಣದ ದಿನಗಳ ದನಿಯಲ್ಲಿ. ಆಮೇಲೆ ಅವರೂ ಒಂದು ಫೋಟೋ ಕಳಿಸಿದರು. ಬಸಿ ಪೈಪಿನ ಬಾಯಿಂದ ನಾಲಾಕ್ಕೆ ಸಣ್ಣಗೆ ಹರಿಯೋ ನೀರು, ಪಕ್ಕದಲ್ಲಿ ಒಣಗಿದ ಬಿಳಿ ಗೆರೆ. ನನ್ನ ತೊಟ್ಟಿಗೆ ಏಳು ವಾರ ಸಾಕಾಯ್ತು. ಹೊಲಕ್ಕೆ ಎಷ್ಟು ವರ್ಷವೋ. ಈ ಮುಂಗಾರಿಗೆ ಅಲ್ಲಿ ಹಸಿರೆಲೆ ಗೊಬ್ಬರಕ್ಕೆ ಡಯಂಚ ಬಿತ್ತಿದ್ದಾರೆ, ಅಲ್ಲಲ್ಲಿ ಎದ್ದಿದೆಯಂತೆ. ಕಬ್ಬು ಯಾವಾಗ ಅಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.