ದಾನದ ವಾಹನಕ್ಕೆ ನೆಲೆ ಎಲ್ಲಿ?

ಬಸದಿಯೊಂದರ ಧರ್ಮದರ್ಶಿಗಳ ಸಭೆಯಲ್ಲಿ ಸಂಚಾರಿ ರಕ್ತಸಂಗ್ರಹ ವಾಹನದ ನೆಲೆಯ ಪ್ರಶ್ನೆ ಎದ್ದಿತು. ಅದರ ವೆಚ್ಚವನ್ನು ಭರಿಸಿದ್ದ ಹಿರಿಯ ಶ್ರಾವಕರಿಗೆ ಅದು ಮಾನಸ್ತಂಭದ ಎದುರಿಗೇ, ತಮ್ಮ ಮನೆತನದ ಹೆಸರು ಹೊತ್ತು ನಿಲ್ಲಬೇಕೆಂಬ ಆಸೆ.

ರಕ್ತನಿಧಿಯಿಂದ ನಿವೃತ್ತರಾಗಿದ್ದ ವೈದ್ಯರು ವಿನಯದಿಂದ ಹೇಳಿದರು: "ಯಜಮಾನರೇ, ಕೆಂಪು ಕಣಗಳನ್ನು ತಂಪಿನಲ್ಲಿ 35 ದಿನ ಕಾಪಾಡಬಹುದು, ಪ್ಲೇಟ್‌ಲೆಟ್‌ಗಳ ಆಯುಸ್ಸು 5 ದಿನ ಮಾತ್ರ. ಅವನ್ನು ಬೇರ್ಪಡಿಸಬೇಕಾದರೆ ಸಂಗ್ರಹವಾದ ಕೆಲವೇ ಗಂಟೆಗಳಲ್ಲಿ ರಕ್ತವು ರಕ್ತನಿಧಿಯನ್ನು ಸೇರಬೇಕು. ಅದು ಇಲ್ಲಿಂದ 2 ಗಂಟೆಯ ಹಾದಿ. ವಾಹನ ಬೆಳಿಗ್ಗೆ ಸಿಬ್ಬಂದಿಯನ್ನೂ ಚೀಲಗಳನ್ನೂ ತರಲು ಹೋಗಿ, ಸಂಜೆ ರಕ್ತವನ್ನೊಪ್ಪಿಸಿ ಮರಳಿದರೆ ದಿನಕ್ಕೆ 4 ಗಂಟೆ ವ್ಯರ್ಥ. ಅಷ್ಟರಲ್ಲಿ ಇನ್ನೊಂದು ಊರಿನ ಶಿಬಿರವೇ ಮುಗಿದೀತು. ಒಂದೇ ಊರನ್ನು ನೆಚ್ಚುವಂತೆಯೂ ಇಲ್ಲ. ಒಮ್ಮೆ ಕೊಟ್ಟ ಪುರುಷರು 90 ದಿನ, ಸ್ತ್ರೀಯರು 120 ದಿನ ಕಾಯಬೇಕು."

ಹಿರಿಯರು ಬಹಳ ಹೊತ್ತು ಮೌನವಾಗಿದ್ದರು. ಧನವನ್ನು ತ್ಯಜಿಸಿದವರಿಗೂ ಕೊಟ್ಟೆನೆಂಬ ಭಾವವನ್ನು ತ್ಯಜಿಸುವುದು ಕಠಿಣ, ಅದೂ ಪರಿಗ್ರಹವೇ.

ಕೊನೆಗೆ ಅವರೇ ನಿರ್ಣಯಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ನೆಲೆಯ ಸ್ಥಳದಲ್ಲಿ 'ರಕ್ತನಿಧಿಯ ಅಂಗಳ' ಎಂದು ಬರೆದು, ಹೆಸರಿನ ಸ್ಥಳವನ್ನು ಬರಿದಾಗಿ ಬಿಟ್ಟು ಸಹಿ ಹಾಕಿದರು.